ಹಳೇ ತಾಂಡೇಲನ ಮಾತು

ದುಡ್ಡಿದ್ದವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಗೊತ್ತಾಗಿ ನೀವು ಮುಖ ಸಿಂಡರಿಸುವುದು ಬೇಡ. ಅಘನಾಶಿನಿಯ ದಂಡೆಯ ನಮ್ಮೂರಿನಲ್ಲಿ ಹದಿನೆಂಟು ವರ್ಷ ಒಂದು ಫುಟ್‌ಬಾಲ್ ತಂಡ ನಡೆಸಿದವನು ನಾನು. ಕಾರ್ಯದರ್ಶಿ ನಾನೇ, ತರಬೇತಿ ಕೊಡುವವನೂ ನಾನೇ, ಚೆಂಡಿಗೆ ಗಾಳಿ ಹಾಕುವವನೂ ನಾನೇ. ಜೆರ್ಸಿ ಒಗೆಯುತ್ತಿದ್ದವಳು ಮಾತ್ರ ನನ್ನ ಹೆಂಡತಿ. ಅದನ್ನು ಅವಳು ಇವತ್ತಿಗೂ ಮರೆತಿಲ್ಲ, ನನಗೂ ಮರೆಯಲು ಬಿಟ್ಟಿಲ್ಲ.

ಹೊಟ್ಟೆಪಾಡಿಗೆ ಪಂಚಾಯ್ತಿಯಲ್ಲಿ ನೀರು ಬಿಡುವ ಕೆಲಸ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ವಾಲ್ವ್ ತಿರುಗಿಸಿದರೆ ಮುಗಿಯಿತು. ಅದಕ್ಕೂ ಮೊದಲು ಹನ್ನೆರಡು ವರ್ಷ ತದಡಿ ಬಂದರಿನ ಮೀನು ಬೋಟುಗಳಲ್ಲಿ ಬಲೆ ಎಳೆಯುವ ಖಲಾಸಿಯಾಗಿದ್ದೆ. ಬೋಟಿನವರಲ್ಲಿ ಒಂದು ಪದ್ಧತಿ ಇದೆ. ಮಳೆಗಾಲದಲ್ಲಿ ಮೀನುಗಾರಿಕೆ ನಿಂತು, ಆಗಸ್ಟಿನಲ್ಲಿ ಮತ್ತೆ ಬೋಟು ಇಳಿಸುವ ಮೊದಲು ಖಲಾಸಿಗಳನ್ನು ಗೊತ್ತುಮಾಡುತ್ತಾರೆ. ಬೋಟು ನಡೆಸುವವನಿಗೆ ನಮ್ಮಲ್ಲಿ ತಾಂಡೇಲ ಎನ್ನುತ್ತಾರೆ. ಹೊಸಬನೊಬ್ಬನನ್ನು ಹತ್ತಿಸಿಕೊಳ್ಳುವಾಗ ತಾಂಡೇಲನು ಆ ಹೊಸಬನ ಹಳೇ ತಾಂಡೇಲನಿಗೆ ಒಂದೇ ಒಂದು ಮಾತು ಕೇಳುತ್ತಾನೆ: ‘ಅಂವ ಎಂತ ಜನ?’ ಹಳೇ ತಾಂಡೇಲ ಏನು ಹೇಳುತ್ತಾನೋ ಅದೇ ಕೊನೆ. ಅದರಲ್ಲಿ ಯಾರೂ ಸುಳ್ಳು ಹೇಳುವುದಿಲ್ಲ, ಯಾಕೆಂದರೆ ಒಬ್ಬ ಕೈಲಾಗದವನು ಬೋಟಿನಲ್ಲಿದ್ದರೆ ಎಲ್ಲರ ಜೀವಕ್ಕೂ ಸಂಚಕಾರ. ಯಾರೂ ಎರಡನೇ ಸಲ ಕೇಳುವುದೂ ಇಲ್ಲ. ನನ್ನ ಜೊತೆಗಿದ್ದ ಒಬ್ಬನ ಬಗ್ಗೆ ‘ಅವಂಗೆ ಕಣ್ಣು ಸ್ವಲ್ಪ ಮಂದ’ ಎಂದು ಒಬ್ಬ ತಾಂಡೇಲ ಹೇಳಿದ್ದ. ಅವನ ಕಣ್ಣು ನಿಜವಾಗಿ ಹೇಗಿತ್ತೋ ದೇವರಿಗೇ ಗೊತ್ತು. ಮತ್ತೆ ಯಾವ ಬೋಟೂ ಅವನನ್ನು ಹತ್ತಿಸಿಕೊಳ್ಳಲಿಲ್ಲ, ಅವನು ಕುಮಟೆಯ ಪೇಟೆಯಲ್ಲಿ ಮೂಟೆ ಹೊತ್ತುಕೊಂಡೇ ಮುದುಕನಾದ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ, ಅದನ್ನೇ ಹೇಳಲು ಕೂತಿದ್ದೇನೆ.

ನಮ್ಮ ಎದುರಾಳಿ ಎಂದರೆ ಹೊನ್ನಾವರದ ಒಂದು ಕ್ಲಬ್ಬು. ಲೀಗಿನಲ್ಲಿ ಬೇರೆಯವರೂ ಇದ್ದರು, ಭಟ್ಕಳದವರು, ಕಾರವಾರದವರು, ಆದರೆ ನಮ್ಮ ಮನೆ ಬಾಗಿಲಿಗೆ ಬಂದು ಆಟಗಾರರನ್ನು ಎತ್ತಿಕೊಂಡು ಹೋಗುತ್ತಿದ್ದವರು ಇವರು. ಅದರ ಸಾಹುಕಾರರಿಗೆ ದೊಡ್ಡ ಬೋಟುಗಳು, ಒಂದು ಐಸ್ ಪ್ಲಾಂಟು, ಮೀನಿನ ಲಾರಿಗಳು. ತಂಡಕ್ಕೆ ಹುಲ್ಲಿನ ಮೈದಾನ, ಸ್ವಂತ ವ್ಯಾನು, ಕಾಲು ತಿಕ್ಕುವುದಕ್ಕೇ ಸಂಬಳದ ಮೇಲೆ ಒಬ್ಬ ಮನುಷ್ಯ. ನಮಗೆ ಇದ್ದದ್ದು ಇಳಿತದ ಹೊತ್ತಿನಲ್ಲಿ ಹೊಳೆಬಾಯಿಯಲ್ಲಿ ಎದ್ದುಬರುವ ಮರಳದಿಬ್ಬ. ಅಭ್ಯಾಸಕ್ಕೆ ಗಡಿಯಾರ ನೋಡುತ್ತಿರಲಿಲ್ಲ, ನೀರು ನೋಡುತ್ತಿದ್ದೆವು. ಒಂದು ದಿನ ಬೆಳಿಗ್ಗೆ ಆರಕ್ಕೆ, ಇನ್ನೊಂದು ವಾರ ಮಧ್ಯಾಹ್ನದ ಉರಿಬಿಸಿಲಿನಲ್ಲಿ. ಗೆರೆಯನ್ನು ಹಿಮ್ಮಡಿಯಲ್ಲಿ ಎಳೆಯುತ್ತಿದ್ದೆ. ನೀರು ಏರತೊಡಗಿದರೆ ಮೂಲೆಯ ಗೆರೆ ಮೊದಲು ಮಾಯವಾಗುತ್ತಿತ್ತು, ಆಮೇಲೆ ಆಟ ಮುಗಿಯುತ್ತಿತ್ತು.

ದುಡ್ಡಿಲ್ಲದವನು ಆಟಗಾರರನ್ನು ಎಲ್ಲಿಂದ ತರಬೇಕು? ನಾನು ಒಂದು ಉಪಾಯ ಕಂಡುಕೊಂಡಿದ್ದೆ, ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು. ದೊಡ್ಡ ಕ್ಲಬ್ಬುಗಳ ಅಭ್ಯಾಸ ನೋಡಲು ಬಸ್ಸು ಹತ್ತಿ ಹೋಗುತ್ತಿದ್ದೆ. ಅಲ್ಲಿ ಆಡುವವರ ಕಡೆ ಕಣ್ಣು ಹಾಯಿಸುತ್ತಿರಲಿಲ್ಲ, ಬೆಂಚಿನ ಮೇಲೆ ಕೂತವರನ್ನು ನೋಡುತ್ತಿದ್ದೆ. ಸಾಹುಕಾರರ ತಂಡದಲ್ಲಿ ಯಾವಾಗಲೂ ಏಳೆಂಟು ಜನ ಸುಮ್ಮನೆ ಕೂತಿರುತ್ತಾರೆ. ಅವರನ್ನು ತಂದದ್ದು ಆಡಿಸುವುದಕ್ಕಲ್ಲ, ಬೇರೆ ಯಾರೂ ಆಡಿಸಬಾರದು ಎಂದು. ಅವರಲ್ಲಿ ಯಾರು ಕೂತಲ್ಲೇ ಕಾಲು ಅಲ್ಲಾಡಿಸುತ್ತಾರೆ, ಯಾರು ಮೊಬೈಲಿನಲ್ಲಿ ಮುಳುಗಿದ್ದಾರೆ ಎಂದು ನೋಡಿಟ್ಟುಕೊಳ್ಳುತ್ತಿದ್ದೆ. ಕಾಲು ಅಲ್ಲಾಡಿಸುವವನ ಮನೆಗೆ ಮುಂದಿನ ವಾರ ಹೋಗುತ್ತಿದ್ದೆ. ಕುಳ್ಳ ಎಂದು ಭಟ್ಕಳದವರು ಬಿಟ್ಟ ಗೋಲ್‌ಕೀಪರ್ ಹೀಗೆ ನಮ್ಮವನಾದ. ಓಟ ನಿಧಾನ ಎಂದು ಯಾರಿಗೂ ಬೇಡವಾದ ಕಾಗಾಲದ ಅಣ್ಣತಮ್ಮಂದಿರು ಬಂದರು. ಗದ್ದೆ ಕೆಲಸ ಮುಗಿಸಿ ಕೆಸರುಗಾಲಲ್ಲೇ ಬರುತ್ತಿದ್ದ ಅವರಿಬ್ಬರನ್ನು ದಾಟಿ ಹೋಗಲು ಎಂಥವನಿಗೂ ಆಗುತ್ತಿರಲಿಲ್ಲ.

“ಮಂದಿ ಬಿಸಾಕಿದ್ದನ್ನೆಲ್ಲ ಹೆಕ್ಕಿ ತತ್ರಿ. ಒಂದು ಗುಜರಿ ಅಂಗಡಿನಾದ್ರೂ ಇಡಿ, ಉಪಯೋಗ ಆತದೆ,” ಎನ್ನುತ್ತಿದ್ದಳು ಹೆಂಡತಿ.

ಆದರೆ ಗುಜರಿಯನ್ನು ಉಜ್ಜಿ ಹೊಳೆಯಿಸಿದ ಕೂಡಲೇ ಅದರ ಬೆಲೆ ಸಾಹುಕಾರರಿಗೆ ಗೊತ್ತಾಗುತ್ತಿತ್ತು. ಗಣಪತಿ ಮುಳುಗಿಸಿ ಬಂದ ವಾರದೊಳಗೆ ಅವರ ಬಿಳಿ ಕಾರು ನಮ್ಮೂರಿನ ರಸ್ತೆಯಲ್ಲಿ ನಿಲ್ಲುತ್ತಿತ್ತು. ಲೀಗಿಗೆ ಹೆಸರು ಕೊಡುವ ಸಮಯ ಅದು. ಹಳೇ ಕ್ಲಬ್ಬಿನ ಕಾರ್ಯದರ್ಶಿ ಬಿಡುಗಡೆ ಪತ್ರಕ್ಕೆ ಸಹಿ ಹಾಕಿದರೆ ಆಟಗಾರ ಹೊಸ ಕ್ಲಬ್ಬಿಗೆ ಹೋಗಬಹುದು. ಪ್ರತಿ ವರ್ಷ ಒಬ್ಬನಾದರೂ ಹೋಗುತ್ತಿದ್ದ, ನಾನು ಪ್ರತಿ ವರ್ಷ ಸಹಿ ಹಾಕುತ್ತಿದ್ದೆ. ಬದಲಿಗೆ ಅವರ ಬೆಂಚಿನಿಂದ ಇಬ್ಬರನ್ನು ಕೇಳುತ್ತಿದ್ದೆ, ಕೊಡುತ್ತಿದ್ದರು. ಹೀಗೆ ಒಬ್ಬನನ್ನು ಕೊಟ್ಟು ಇಬ್ಬರನ್ನು ತಂದು ವರ್ಷ ವರ್ಷ ಹಲ್ಲು ಕಚ್ಚಿ ದೂಡಿದೆ. ಲೀಗಿನ ಕಪ್ಪು ಮಾತ್ರ ಒಂದು ಸಲವೂ ನಮ್ಮ ಹೊಳೆ ದಾಟಿ ಬರಲಿಲ್ಲ.

ಯಾರ ಕಥೆ ಹೇಳಲು ಕೂತೆನೋ ಆ ಹುಡುಗ ಮಾತ್ರ ಗುಜರಿಯಲ್ಲ. ಇವನನ್ನು ನಾನು ಎಲ್ಲಿಂದಲೂ ಹೆಕ್ಕಿ ತಂದದ್ದಲ್ಲ, ನಮ್ಮ ಮನೆಯಿಂದ ನಾಲ್ಕನೇ ಮನೆಯವನು. ತಾಯಿ ಹೊಳೆಯಲ್ಲಿ ಬಳಚು ಹೆಕ್ಕುತ್ತಾಳೆ. ಸೊಂಟಮಟ್ಟ ನೀರಿನಲ್ಲಿ ನಿಂತು, ಕಾಲಬೆರಳಲ್ಲಿ ಕೆಸರಿನೊಳಗಿನ ಚಿಪ್ಪುಮೀನು ಹುಡುಕಿ ಬುಟ್ಟಿ ತುಂಬುವ ಕೆಲಸ. ಅವಳು ನನಗೆ ಅಣ್ಣ ಎನ್ನುತ್ತಾಳೆ, ಹಾಗಾಗಿ ಇವನಿಗೆ ನಾನು ಮಾವ. ಹತ್ತೊಂಬತ್ತನೇ ವಯಸ್ಸಿಗೆ ತಂಡಕ್ಕೆ ಬಂದ. ಎಡಗಾಲಿನ ಆಟಗಾರ. ಒದ್ದೆ ಮರಳಿನ ಮೇಲೆ ಎಲ್ಲರ ಕಾಲೂ ಹುಗಿದರೆ ಇವನ ಕಾಲು ಮಾತ್ರ ಹುಗಿಯುತ್ತಿರಲಿಲ್ಲ, ಹೇಗೆ ಎಂದು ನನಗೆ ಇವತ್ತಿಗೂ ತಿಳಿದಿಲ್ಲ. ನಾಲ್ಕು ವರ್ಷ ಅವನನ್ನು ತಿದ್ದಿದೆ. ಚೆಂಡು ಕೊಟ್ಟು ನಿಲ್ಲಬೇಡ, ಕೊಟ್ಟ ಕೂಡಲೇ ಓಡು ಎನ್ನುವುದನ್ನು ಕಲಿಸಲಿಕ್ಕೇ ಒಂದು ವರ್ಷ ಹಿಡಿಯಿತು. ಐದನೇ ವರ್ಷ ಅವನು, ಕುಳ್ಳ ಗೋಲ್‌ಕೀಪರ್, ಕಾಗಾಲದ ಅಣ್ಣತಮ್ಮಂದಿರು ಎಲ್ಲ ಒಟ್ಟಿಗೆ ಇದ್ದರು. ಹದಿನೆಂಟು ವರ್ಷದಲ್ಲಿ ಅಂಥ ತಂಡ ನನ್ನ ಕೈಗೆ ಸಿಕ್ಕಿದ್ದು ಅದೊಂದೇ ಸಲ.

ಆ ವರ್ಷ ಬಿಳಿ ಕಾರು ಅವನ ಮನೆ ಮುಂದೆ ನಿಂತಿತು.

ಕೊಡುವುದು ಬರೀ ಆಟದ ದುಡ್ಡಾಗಿದ್ದರೆ ನಾನು ಏನಾದರೂ ಮಾತಾಡಿ ತಡೆಯುತ್ತಿದ್ದೆನೋ ಏನೋ. ಸಾಹುಕಾರರು ಐಸ್ ಪ್ಲಾಂಟಿನಲ್ಲಿ ಕಾಯಂ ಕೆಲಸ ಕೊಡುತ್ತೇವೆ ಎಂದಿದ್ದರು. ಮಳೆಗಾಲಕ್ಕೂ ಸಂಬಳ ಬರುವ ಕೆಲಸ. ಮರುದಿನ ಅವನ ತಾಯಿ ಬಂದು ನಮ್ಮ ಜಗಲಿಯ ತುದಿಯಲ್ಲಿ ಕೂತಳು. ಕಾಲಿನ ಚರ್ಮ ನೀರಿನಲ್ಲಿ ನೆನೆದು ನೆನೆದು ಬೆಳ್ಳಗಾಗಿ ಸುಕ್ಕುಗಟ್ಟಿತ್ತು.

“ಅಣ್ಣಾ, ನೀವು ಹೂಂ ಅಂದ್ರೆ ಮಾತ್ರ ಹೋಗುದಂತೆ ಅಂವ. ದಡದ ಕೆಲಸ. ಅಂವ ಬೋಟು ಹತ್ತದೇ ಇದ್ರೆ ಸಾಕು ಅಂತ ಎಷ್ಟು ದೇವರಿಗೆ ಹೇಳ್ಕಂಡಿದ್ದೆ ನಾನು.”

“ಹೋಗ್ಲಿ ಬಿಡು. ನಾನೆಂತ ತಡೀತ್ನಾ?” ಎಂದೆ.

ಬಿಡುಗಡೆ ಪತ್ರವನ್ನು ನನ್ನ ಕೈಯಾರೆ ಬರೆದೆ, ಒಳ್ಳೆ ಅಕ್ಷರದಲ್ಲಿ. ಅವನು ಕಾಲಿಗೆ ಬಿದ್ದು ಎದ್ದ. ತಲೆ ಮೇಲೆ ಕೈಯಿಟ್ಟೆ. ಆ ಹೊತ್ತಿನಲ್ಲಿ ನನ್ನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ ಎಂದು ಹೇಳಿಕೊಳ್ಳಲು ನನಗೆ ಬಹಳ ಆಸೆ.

ಎರಡು ದಿನ ಬಿಟ್ಟು ಪಂಪುಮನೆಯಲ್ಲಿದ್ದಾಗ ಫೋನು ಬಂತು. ಸಾಹುಕಾರರೇ ಮಾತಾಡಿದರು.

“ಪತ್ರ ಸಿಕ್ತು. ಡಾಕ್ಟ್ರು ಪಾಕ್ಟ್ರು ಎಲ್ಲ ನೋಡ್ತಾರೆ, ಅದು ಬೇರೆ. ನಾನೂ ಖಲಾಸಿ ಆಗಿದ್ದವನೇ. ನಾಲ್ಕು ವರ್ಷ ಜೊತೆಗಿದ್ದವರು ನೀವು. ಅಂವ ಎಂತ ಜನ, ಹೇಳಿ.”

ಬೋಟಿನ ಪ್ರಶ್ನೆ. ಅಷ್ಟು ದೊಡ್ಡ ಮನುಷ್ಯ, ನನ್ನ ಹತ್ತಿರ, ಹಳೇ ತಾಂಡೇಲನ ಹತ್ತಿರ ಕೇಳುವ ಹಾಗೆ ಕೇಳಿದರು. ನನಗೆ ಖುಷಿಯಾಗಬೇಕಿತ್ತು. ಆದದ್ದು ಸಿಟ್ಟು. ಹುಲ್ಲಿನ ಮೈದಾನ ಇವರಿಗೆ, ವ್ಯಾನು ಇವರಿಗೆ, ನಾಲ್ಕು ವರ್ಷದ ನನ್ನ ದುಡಿಮೆಯೂ ಇವರಿಗೆ, ಮೇಲಿಂದ ಸರಕು ಚೆನ್ನಾಗಿದೆಯೋ ಇಲ್ಲವೋ ಎಂದು ನಾನೇ ಹೇಳಬೇಕು.

“ಜನ ಬಂಗಾರ,” ಎಂದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. “ಎಡ ಮೊಣಕಾಲು ಮಾತ್ರ...”

“ಮೊಣಕಾಲಿಗೆ ಎಂತ ಆತು?”

“ಬಹಳ ದಿನ ಬರುದಿಲ್ಲ ಅದು.”

“ಆತು. ಹೇಳಿದ್ದು ಉಪಕಾರ ಆತು,” ಎಂದು ಇಟ್ಟರು.

ಅವನ ಮೊಣಕಾಲಿಗೆ ಏನೂ ಆಗಿರಲಿಲ್ಲ. ಅಂಥ ಕಾಲು ಈ ಕರಾವಳಿಯಲ್ಲೇ ಇನ್ನೊಂದು ಇರಲಿಲ್ಲ. ನಾನು ಹಾಕಿಕೊಂಡ ಲೆಕ್ಕ ಇಷ್ಟೇ: ಒಂದು ವರ್ಷ. ಈ ಒಂದು ವರ್ಷ ನಮ್ಮ ಹತ್ತಿರ ಆಡಲಿ, ಕಪ್ಪು ಬರಲಿ, ಮುಂದಿನ ವರ್ಷ ನಾನೇ ಫೋನು ಮಾಡಿ ಕಾಲು ಸರಿಯಾಯಿತು ಎಂದು ಹೇಳಿ ಕಳಿಸುತ್ತೇನೆ. ಒಂದು ವರ್ಷ ತಡವಾದರೆ ಯಾರ ಮನೆ ಮುಳುಗುತ್ತದೆ? ಹನ್ನೆರಡು ವರ್ಷ ಬೋಟಿನಲ್ಲಿದ್ದ ಮನುಷ್ಯ ನಾನು, ಹಳೇ ತಾಂಡೇಲನ ಮಾತನ್ನು ಮರುವರ್ಷ ವಾಪಸು ತೆಗೆದುಕೊಳ್ಳಬಹುದು ಎಂದು ನಂಬಿದೆ. ನನ್ನ ತಲೆಗೆ ಏನು ಮಣ್ಣು ಕವಿದಿತ್ತೋ.

ಹೊನ್ನಾವರಕ್ಕೆ ಹೋದವನು ಮೂರನೇ ದಿನ ಚೀಲ ಹಿಡಿದು ವಾಪಸು ಬಂದ. ಮನೆಗೂ ಹೋಗದೆ ಸೀದಾ ಪಂಪುಮನೆಗೆ ಬಂದ.

“ಡಾಕ್ಟ್ರಿಗೆ ತೋರಿಸಲೂ ಇಲ್ಲ, ಕಾಲು ಸರಿ ಇಲ್ಲ ಅಂದ್ರು, ಮಾವ. ನಿಮ್ಮ ಹಳೇ ಕ್ಲಬ್ಬಿನವರೇ ಹೇಳಿದ್ದು ಅಂದ್ರು. ನೀವು ಹೇಳಿದ್ರಾ?”

ಇಲ್ಲ ಎನ್ನಬಹುದಿತ್ತು. ಹೌದು, ಸುಳ್ಳು ಹೇಳಿದೆ ಎಂದೂ ಹೇಳಬಹುದಿತ್ತು. ನನ್ನ ಬಾಯಿಂದ ಬಂದದ್ದು ಮೂರನೆಯದು.

“ಹೇಳಿದೆ. ನೀನು ಮರಳಲ್ಲಿ ತಿರುಗುವಾಗ ಆ ಕಾಲು ಸ್ವಲ್ಪ ಎಳೀತಿ, ನಿನಗೆ ಗೊತ್ತಾಗುದಿಲ್ಲ. ಅವರು ನಿನ್ನ ಕೂಲಿ ಎತ್ತಿನ ಹಾಂಗೆ ದುಡಿಸಿ, ಕಾಲು ಮುರಿದ ಮೇಲೆ ಮನೆಗೆ ಕಳಿಸ್ತಾರೆ. ನಮ್ಮ ಹತ್ತಿರ ಇದ್ರೆ ನೋಡ್ಕಂಡು ಆಡಿಸ್ತೆ ನಾನು.”

ಅವನು ಜಗಳ ಮಾಡುತ್ತಾನೆ ಎಂದು ಕಾದೆ. ಅವನು ನಿಂತಲ್ಲೇ ಎಡಗಾಲು ಎತ್ತಿ ಮಡಚಿದ, ಬಿಡಿಸಿದ, ಮತ್ತೆ ಮಡಚಿದ.

“ನಂಗೆ ಗೊತ್ತೇ ಆಗಲಿಲ್ಲ ಕಾಣಿ,” ಎಂದ.

ಮಾರನೇ ದಿನ ಕುಮಟೆಗೆ ಹೋಗಿ ಮೆಡಿಕಲ್ ಅಂಗಡಿಯಿಂದ ಮೊಣಕಾಲಿಗೆ ಹಾಕುವ ಪಟ್ಟಿ ತಂದುಕೊಂಡ.

ಆ ವರ್ಷ ನಾವು ಆಡಿದ ಆಟವನ್ನು ನೋಡಿದವರು ಇನ್ನೂ ಹೇಳುತ್ತಾರೆ. ಸೆಮಿಫೈನಲ್ ಭಟ್ಕಳದಲ್ಲಿ, ಅದೇ ಹೊನ್ನಾವರದವರ ಮೇಲೆ. ಭಟ್ಕಳದ ಜನಕ್ಕೆ ಫುಟ್‌ಬಾಲ್ ಗೊತ್ತು, ಸುಮ್ಮಸುಮ್ಮನೆ ಕೂಗುವವರಲ್ಲ. ನಮ್ಮವನು ಎಡಗಡೆಯಿಂದ ಇಬ್ಬರನ್ನು ದಾಟಿ ಗೋಲು ಹೊಡೆದಾಗ ನನ್ನ ಪಕ್ಕದಲ್ಲಿದ್ದ ಮುದುಕರೊಬ್ಬರು ತಮ್ಮ ನವಾಯತಿ ಭಾಷೆಯಲ್ಲಿ ಏನೋ ಹೇಳಿ ನನ್ನ ಭುಜ ತಟ್ಟಿದರು. ಅರ್ಥವಾಗದಿದ್ದರೂ ನನ್ನ ಕಣ್ಣು ತುಂಬಿತು. ಒಂದೇ ಗೋಲು, ಅದರಲ್ಲೇ ಗೆದ್ದೆವು. ಹದಿನೆಂಟು ವರ್ಷದಲ್ಲಿ ಮೊದಲ ಸಲ ಅವರನ್ನು ಸೋಲಿಸಿದ್ದು.

ಆಟ ಮುಗಿದ ಮೇಲೆ ಸಾಹುಕಾರರು ಹತ್ತಿರ ಬಂದರು. ಮುಖದಲ್ಲಿ ಸಿಟ್ಟಿರಲಿಲ್ಲ, ಸಂಶಯ ಇತ್ತು.

“ಕಾಲು ಬರುದಿಲ್ಲ ಅಂದಿದ್ರಿ?”

ಇದೇ ಸಮಯ. ತಪ್ಪಾಯಿತು ಎಂದು ಕೈ ಮುಗಿದಿದ್ದರೆ ಬೈದು ಉಗಿದು, ಮುಂದಿನ ವರ್ಷ ಅವನನ್ನು ಕರೆದುಕೊಳ್ಳುತ್ತಿದ್ದರು. ಸುತ್ತ ನಮ್ಮೂರ ಜನ ಕುಣಿಯುತ್ತಿದ್ದರು. ನನ್ನನ್ನು ಎತ್ತಿಕೊಳ್ಳಲು ಬಂದಿದ್ದರು. ಆ ಜನದ ನಡುವೆ ನಾನು ಸುಳ್ಳುಗಾರ ಆಗಲು ನನಗೆ ಮನಸ್ಸಾಗಲಿಲ್ಲ.

“ಇಂಜೆಕ್ಷನ್ ಮೇಲೆ ಆಡ್ತಿದ್ದ,” ಎಂದೆ ಮೆಲ್ಲಗೆ. “ಇದೊಂದು ವರ್ಷ ಅಷ್ಟೇ.”

ಅವರು ತಲೆಯಾಡಿಸಿ, ಪಾಪ ಎಂಬಂತೆ ಅವನ ಕಡೆ ನೋಡಿ ಹೋದರು.

ಫೈನಲ್ಲಿನಲ್ಲಿ ಕಾರವಾರದವರು ನಮಗೆ ಮೂರು ಗೋಲು ಹೊಡೆದರು. ಅಲ್ಲಿಗೆ ನನ್ನ ಕಪ್ಪಿನ ಕಥೆ ಮುಗಿಯಿತು. ಪಾಪ ಮಾಡಿದ್ದಕ್ಕೆ ಒಂದು ಹಿತ್ತಾಳೆ ಪಾತ್ರೆಯೂ ಸಿಗಲಿಲ್ಲ.

ಮುಂದಿನ ಗಣಪತಿಗೆ ನಾನು ಫೋನು ಮಾಡಿದೆ, ಮಾಡಲಿಲ್ಲ ಎಂದಲ್ಲ. ಕಾಲು ಈಗ ಗುಣವಾಗಿದೆ ಎಂದೆ. ಸಾಹುಕಾರರು, “ಇರ್ಲಿ ಬಿಡಿ, ಒಮ್ಮೆ ಹೋದ ಮೊಣಕಾಲು ಹೋದ ಹಾಂಗೇ,” ಎಂದರು. ಭಟ್ಕಳದ ಕ್ಲಬ್ಬಿಗೆ ನಾನೇ ಹೋಗಿ ಕೇಳಿದೆ. ಅವರಿಗೂ ಗೊತ್ತಿತ್ತು. ಕಾರವಾರದವರಿಗೂ ಗೊತ್ತಿತ್ತು. ಇಂಜೆಕ್ಷನ್ನಿನ ಕಥೆ ನನಗಿಂತ ಮೊದಲೇ ಎಲ್ಲ ಕಡೆ ಹೋಗಿ ಕೂತಿತ್ತು. ಅದೇ ವರ್ಷ ಕುಳ್ಳ ಗೋಲ್‌ಕೀಪರನನ್ನೂ ಕಾಗಾಲದವರನ್ನೂ ಬಿಳಿ ಕಾರು ಎತ್ತಿಕೊಂಡು ಹೋಯಿತು. ಬೆಂಚಿನಿಂದ ಆರಿಸುವ ನನ್ನ ಉಪಾಯವನ್ನು ಈಗ ಅವರೇ ಕಲಿತಿದ್ದರು, ಬದಲಿಗೆ ಯಾರನ್ನೂ ಬಿಟ್ಟುಕೊಡಲಿಲ್ಲ. ಉಳಿದವರಲ್ಲಿ ತಂಡ ಕಟ್ಟಲು ಹನ್ನೊಂದು ಜನ ಆಗಲಿಲ್ಲ. ಗೋಲಿನ ನೆಟ್ಟನ್ನು ಮಡಚಿ ಅಟ್ಟಕ್ಕೆ ಹಾಕಿದೆ.

ಅವನು ತದಡಿಯಲ್ಲಿ ಬೋಟು ಹತ್ತಿದ. ಅವನ ತಾಯಿ ನನಗೆ ಒಂದು ಮಾತೂ ಅನ್ನಲಿಲ್ಲ. ಎದುರು ಸಿಕ್ಕರೆ ಈಗಲೂ ಅಣ್ಣ ಎನ್ನುತ್ತಾಳೆ, ಬಳಚು ಹೆಚ್ಚಿದ್ದ ದಿನ ನಮ್ಮ ಮನೆಗೆ ಒಂದು ಪಾತ್ರೆ ಕೊಟ್ಟು ಹೋಗುತ್ತಾಳೆ. ಹೆಂಡತಿ ಅದನ್ನು ಮಾಡಿ ಬಡಿಸುತ್ತಾಳೆ. ತಟ್ಟೆ ಖಾಲಿಯಾಗುವವರೆಗೆ ತಲೆ ತಗ್ಗಿಸಿ ತಿನ್ನುತ್ತೇನೆ.

ಬೋಟಿಗೆ ಹೋದ ಎರಡನೇ ವರ್ಷ ನೋಡಿದರೆ ಅವನು ಕುಂಟುತ್ತಿದ್ದ. ನಿಜವಾಗಿಯೂ ಕುಂಟುತ್ತಿದ್ದ. ಕುಮಟೆಗೆ ಕರೆದುಕೊಂಡು ಹೋಗಿ ಎಕ್ಸ್‌ರೇ ತೆಗೆಸಿದೆ, ಸ್ಕ್ಯಾನ್ ಎನ್ನುವ ಇನ್ನೊಂದು ದೊಡ್ಡ ಫೋಟೋನೂ ತೆಗೆಸಿದೆ. ಡಾಕ್ಟರು ಕಾಲು ತಿರುಗಿಸಿ ನೋಡಿ, “ಏನೂ ಇಲ್ಲವಲ್ಲ, ಆರಾಮಾಗಿ ಓಡಬಹುದು,” ಎಂದರು. ಹೊರಗೆ ಬಂದು ಅವನು ನಕ್ಕ.

“ಫೋಟೋದಲ್ಲಿ ಎಲ್ಲ ಕಾಣುದಿಲ್ಲ, ಮಾವ. ನಿಮ್ಮ ಕಣ್ಣಿಗೆ ಮೊದಲೇ ಕಂಡಿತ್ತು.”

ಅವತ್ತು ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ಮೀನು ಕೊಯ್ಯುತ್ತಿದ್ದಳು, ಕೈ ನಿಲ್ಲಿಸಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಹೋಗಿ ಹೇಳಿ ಬನ್ನಿ,” ಎಂದಳು. “ಅವನ ಎದುರಿಗೂ ಸಾಹುಕಾರ್ರ ಎದುರಿಗೂ ಹೇಳಿ. ಅಲ್ಲಿವರೆಗೆ ನನ್ನ ಹತ್ತಿರ ಮಾತಾಡುದು ಬೇಡ.”

ಹೋದ ತಿಂಗಳು ಅವನನ್ನು ಕರೆದುಕೊಂಡು ಹೊನ್ನಾವರಕ್ಕೆ ಹೋದೆ. ಸುಮ್ಮನೆ ಬಾ, ಕೆಲಸದ ವಿಷಯ ಇದೆ ಎಂದಷ್ಟೇ ಹೇಳಿದ್ದೆ. ಐಸ್ ಪ್ಲಾಂಟಿನ ಪಕ್ಕದ ಕೋಣೆಯಲ್ಲಿ ಸಾಹುಕಾರರು ಕೂತಿದ್ದರು. ಹೊರಗೆ ಐಸು ಪುಡಿ ಮಾಡುವ ಸದ್ದು, ಜೋರಾಗಿ ಮಾತಾಡಬೇಕಾಗಿತ್ತು. ಚಾ ತರಿಸಿದರು. ನಾನು ಲೋಟ ಮುಟ್ಟದೆ ಒಂದೇ ಉಸಿರಿಗೆ ಹೇಳಿದೆ.

“ಸಾಹುಕಾರ್ರೇ, ಅವತ್ತು ನಾನು ಫೋನಿನಲ್ಲಿ ಹೇಳಿದ್ದು ಸುಳ್ಳು. ಇವನ ಕಾಲಿಗೆ ಎಂತದೂ ಆಗಿಲ್ಲ. ಇಂಜೆಕ್ಷನ್ನೂ ಸುಳ್ಳು. ಇವನನ್ನು ಬಿಡಲಿಕ್ಕೆ ಮನಸ್ಸಾಗದೆ ಹೇಳಿದೆ. ಅವತ್ತು ಕೊಡ್ತೆ ಅಂದ ಕೆಲಸ ಇವಂಗೆ ಕೊಡಿ. ಆಟ ಬೇಡ, ಕೆಲಸ ಕೊಡಿ.”

ಇಷ್ಟು ವರ್ಷದಿಂದ ಎದೆಯ ಮೇಲೆ ಕೂತಿದ್ದ ಮಾತು. ಆಡಿ ಮುಗಿಸಿ ಅವರ ಮುಖ ನೋಡಿದೆ, ಇವನ ಮುಖ ನೋಡುವ ಧೈರ್ಯ ಬರಲಿಲ್ಲ. ಸಾಹುಕಾರರು ನಗುತ್ತಿದ್ದರು. ಕುಚೋದ್ಯದ ನಗೆಯಲ್ಲ, ಪ್ರೀತಿಯ ನಗೆ.

“ನೀವು ಈಗ ಹೇಳುದು ಇವನ ಮೇಲಿನ ಪ್ರೀತಿಗೆ. ಆವಾಗ ಹೇಳಿದ್ದೇ ಖರೆ. ತನ್ನ ಚಲೋ ಆಟಗಾರನ ಹುಳುಕನ್ನು ಎದುರಾಳಿಗೆ ಯಾರು ಹೇಳ್ತಾರೆ ಮಾರಾಯ್ರೆ, ಖರೆ ಆಗದೇ ಇದ್ರೆ? ಐಸ್ ಎಳೆಯುವ ಕೆಲಸ ಇದು, ಕಾಲು ಗಟ್ಟಿ ಬೇಕು. ನಾನು ಬೇರೆ ಒಂದು ಹೇಳ್ತೆ, ಕೇಳಿ. ನಮ್ಮ ಕ್ಲಬ್ಬಿಗೆ ಆಟಗಾರರನ್ನು ಆರಿಸಲಿಕ್ಕೆ ಒಬ್ಬ ನಂಬಿಕೆಯ ಮನುಷ್ಯ ಬೇಕು. ನೀವೇ ಬನ್ನಿ.”

“ಇಲ್ಲ, ನಾನು ದೇವರಾಣೆ ಹೇಳ್ತೆ...” ಎಂದು ಎದ್ದು ನಿಂತೆ.

ಆಗ ಅವನು ನನ್ನ ತೋಳು ಹಿಡಿದು ಕೂರಿಸಿದ. ಮೆಲ್ಲಗೆ, ಊರ ಹಿರಿಯನ ಮರ್ಯಾದೆ ನಾಲ್ಕು ಜನರ ಮುಂದೆ ಹೋಗದ ಹಾಗೆ, ಕಿವಿಯ ಹತ್ತಿರ ಬಗ್ಗಿ ಹೇಳಿದ.

“ಬೇಡ ಮಾವ. ನಂಗೋಸ್ಕರ ನೀವು ಸುಳ್ಳು ಹೇಳುದು ಬೇಡ.”

ಅವನ ಕಣ್ಣಿನಲ್ಲಿ ನನ್ನ ಬಗ್ಗೆ ಕರುಣೆ ಇತ್ತು. ಇನ್ನೊಂದು ಕೈ ಎಡ ಮೊಣಕಾಲಿನ ಮೇಲಿತ್ತು, ತನಗೇ ತಿಳಿಯದೆ ಅದನ್ನು ಒತ್ತಿಕೊಳ್ಳುತ್ತಿದ್ದ. ಸಾಹುಕಾರರು ನಮ್ಮಿಬ್ಬರನ್ನೂ ನೋಡಿ, ನನ್ನ ಕಡೆ ತಿರುಗಿದರು.

“ಈಗ ಸರಿಯಾಗಿ ಹೇಳಿ. ಕಾಲು ಹ್ಯಾಂಗಿದೆ?”

ಕಾಲು ಸರಿ ಇಲ್ಲ ಎಂದೆ.